೧೮೮೬ರ ನ್ಯೂಯಾರ್ಕ್ ಮೇಯರ್ ಚುನಾವಣೆ ಮತ್ತು ಮತಪತ್ರದ ಪ್ರಶ್ನೆ

೧

ಚುನಾವಣೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ: ಸ್ಪರ್ಧಿಸಿದವರು ಯಾರು, ಗೆದ್ದವರು ಯಾರು. ಮತವನ್ನು ಯಾವ ಕಾಗದದ ಮೇಲೆ ಕೊಡಲಾಯಿತು, ಆ ಕಾಗದವನ್ನು ಅಚ್ಚು ಹಾಕಿಸಿದವರು ಯಾರು, ಅದನ್ನು ಮತದಾರನ ಕೈಗೆ ಮುಟ್ಟಿಸಿದವರು ಯಾರು, ಕೊನೆಗೆ ಎಣಿಸಿದವರು ಯಾರು ಎಂಬ ಪ್ರಶ್ನೆಗಳು ಕ್ಷುಲ್ಲಕವೆಂದು ಅವರಿಗೆ ತೋರುವುದುಂಟು. ಈ ಭಾವನೆ ಎಷ್ಟು ತಪ್ಪೆಂಬುದನ್ನು ತಿಳಿಯಲು ೧೮೮೬ನೆಯ ಇಸವಿ ನವೆಂಬರ್ ೨ರಂದು ನ್ಯೂಯಾರ್ಕ್ ನಗರದಲ್ಲಿ ನಡೆದ ಮೇಯರ್ ಚುನಾವಣೆಯಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ದೊರೆಯುವುದು ಕಷ್ಟ.

ಆ ಚುನಾವಣೆಯಲ್ಲಿ ಮೂವರು ಪ್ರಮುಖ ಅಭ್ಯರ್ಥಿಗಳಿದ್ದರು. ಡೆಮೊಕ್ರಾಟಿಕ್ ಪಕ್ಷದ ಏಬ್ರಾಮ್ ಹ್ಯೂವಿಟ್ ಗೆದ್ದನು. ಕಾರ್ಮಿಕ ಸಂಘಗಳ ಅಭ್ಯರ್ಥಿಯಾದ ಹೆನ್ರಿ ಜಾರ್ಜ್ ಎರಡನೆಯವನಾದನು. ರಿಪಬ್ಲಿಕನ್ ಪಕ್ಷದ ಥಿಯೊಡೋರ್ ರೂಸ್‌ವೆಲ್ಟ್ ಮೂರನೆಯವನಾದನು. ಗೆದ್ದವನ ಹೆಸರು ಇಂದು ವಿದ್ವಾಂಸರಿಗೆ ಮಾತ್ರ ತಿಳಿದಿದೆ; ಸೋತ ಇಬ್ಬರಲ್ಲಿ ಒಬ್ಬನು ಮುಂದೆ ಅಮೆರಿಕದ ಅಧ್ಯಕ್ಷನಾದನು, ಮತ್ತೊಬ್ಬನ ಗ್ರಂಥವನ್ನು ಪ್ರಪಂಚದ ನಾನಾ ಭಾಷೆಗಳಲ್ಲಿ ಜನರು ಓದಿದರು. ಜಾರ್ಜನು ನಿಜವಾಗಿ ಗೆದ್ದಿದ್ದನು, ಎಣಿಕೆಯಲ್ಲಿ ಅವನನ್ನು ಸೋಲಿಸಲಾಯಿತು ಎಂಬ ಮಾತು ಅವನ ಅನುಯಾಯಿಗಳಲ್ಲಿ ಬಹುಕಾಲ ಉಳಿದು, ಹಲವು ಪುಸ್ತಕಗಳಲ್ಲಿಯೂ ಸೇರಿಕೊಂಡಿತು.

ಈ ಆಪಾದನೆಯ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದು ಈ ಪ್ರಬಂಧದ ಒಂದು ಉದ್ದೇಶ. ಆದರೆ ಅದಕ್ಕಿಂತ ಮುಖ್ಯವಾದುದೊಂದುಂಟು. ಅಂದಿನ ವ್ಯವಸ್ಥೆಯಲ್ಲಿ ಇಂಥ ಆಪಾದನೆಯನ್ನು ಸಾಧಿಸುವುದಕ್ಕೂ ಆಗುತ್ತಿರಲಿಲ್ಲ, ನಿರಾಕರಿಸುವುದಕ್ಕೂ ಆಗುತ್ತಿರಲಿಲ್ಲ. ಈ ಅನಿಶ್ಚಯತೆಯೇ ಚುನಾವಣೆಯ ಅತ್ಯಂತ ಮಹತ್ತ್ವದ ಅಂಶವೆಂದೂ, ಮತಪತ್ರವು ಸಾರ್ವಜನಿಕ ವಸ್ತುವಾಗಬೇಕೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತೆಂದೂ ನಮ್ಮ ವಾದ.

೨

ಅಂದಿನ ನ್ಯೂಯಾರ್ಕ್ ಇಂದಿನ ನ್ಯೂಯಾರ್ಕ್ ಅಲ್ಲವೆಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಮ್ಯಾನ್‌ಹಟನ್ ದ್ವೀಪವೂ, ೧೮೭೪ರಲ್ಲಿ ಸೇರಿಸಿಕೊಂಡ ಬ್ರಾಂಕ್ಸ್ ಪ್ರದೇಶದ ಒಂದು ಭಾಗವೂ ಸೇರಿ ಆಗ ನಗರವೆನಿಸಿತ್ತು. ನದಿಯಾಚೆಯ ಬ್ರೂಕ್ಲಿನ್ ೧೮೯೮ರವರೆಗೆ ಪ್ರತ್ಯೇಕ ನಗರವಾಗಿಯೇ ಇದ್ದಿತು. ೧೮೮೦ರ ಜನಗಣತಿಯ ಪ್ರಕಾರ ನ್ಯೂಯಾರ್ಕಿನ ಜನಸಂಖ್ಯೆ ೧೨ ಲಕ್ಷಕ್ಕೆ ಸ್ವಲ್ಪ ಮೇಲೆ. ಹತ್ತು ವರ್ಷಗಳಲ್ಲಿ ಅದು ೧೫ ಲಕ್ಷವನ್ನು ದಾಟಿತು. ಐರ್ಲೆಂಡಿನಿಂದಲೂ ಜರ್ಮನಿಯಿಂದಲೂ ಬಂದವರು ಮತ್ತು ಅವರ ಮಕ್ಕಳು ನಗರದ ದುಡಿಯುವ ವರ್ಗದಲ್ಲಿ ಬಹುಸಂಖ್ಯಾತರು. ದ್ವೀಪದ ದಕ್ಷಿಣ ಭಾಗದಲ್ಲಿ ಬಾಡಿಗೆಯ ಬಹುಮಹಡಿ ಮನೆಗಳಲ್ಲಿ ಗಾಳಿ ಬೆಳಕುಗಳಿಲ್ಲದೆ ಅವರು ಒತ್ತಾಗಿ ವಾಸಿಸುತ್ತಿದ್ದರು. ಜನ ಹೆಚ್ಚಿದಂತೆ ನೆಲದ ಬೆಲೆ ಏರುತ್ತಿತ್ತು. ನೆಲದ ಬೆಲೆಯೊಡನೆ ಬಾಡಿಗೆಯೂ ಏರುತ್ತಿತ್ತು.

ಈ ನಗರದ ರಾಜಕೀಯವು ಬಹುಮಟ್ಟಿಗೆ ಟ್ಯಾಮನಿ ಹಾಲ್ ಎಂಬ ಸಂಸ್ಥೆಯ ಹಿಡಿತದಲ್ಲಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಒಂದು ಸ್ನೇಹಕೂಟವಾಗಿ ಹುಟ್ಟಿದ ಇದು ಕಾಲಕ್ರಮದಲ್ಲಿ ಡೆಮೊಕ್ರಾಟಿಕ್ ಪಕ್ಷದ ನಗರಶಾಖೆಯ ಯಂತ್ರವಾಗಿ ಮಾರ್ಪಟ್ಟಿತು. ಟ್ಯಾಮನಿಯೆಂದರೆ ಕೇವಲ ಲಂಚಗುಳಿತನವೆಂದು ತಿಳಿಯುವುದು ಅರ್ಧ ಸತ್ಯ ಮಾತ್ರ. ಹೊಸದಾಗಿ ಹಡಗಿನಿಂದಿಳಿದವನಿಗೆ ಕೆಲಸ ಕೊಡಿಸುವುದು, ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು ಹಂಚುವುದು, ಪೊಲೀಸರ ಕೈಗೆ ಸಿಕ್ಕ ಹುಡುಗನನ್ನು ಬಿಡಿಸಿಕೊಂಡು ಬರುವುದು, ಸತ್ತವರ ಮನೆಗೆ ಹೋಗಿ ಸಾಂತ್ವನ ಹೇಳುವುದು - ಸರ್ಕಾರವು ಮಾಡದಿದ್ದ ಈ ಕೆಲಸಗಳನ್ನೆಲ್ಲ ಅದರ ಕೇರಿನಾಯಕರು ಮಾಡುತ್ತಿದ್ದರು. ಪ್ರತಿಫಲವಾಗಿ ಅವರು ಕೇಳುತ್ತಿದ್ದುದು ಒಂದೇ, ಅದು ಮತ. ೧೮೭೧ರಲ್ಲಿ ಬಯಲಾದ ವಿಲಿಯಂ ಟ್ವೀಡ್‌ನ ಕಾಲದ ಮಹಾಸುಲಿಗೆಯ ಅನಂತರವೂ ಟ್ಯಾಮನಿ ಅಳಿಯದೆ ಉಳಿದುದಕ್ಕೆ ಈ ಕೊಡುಕೊಳೆಯೇ ಕಾರಣ. ಟ್ವೀಡ್‌ನ ತರುವಾಯ ಅದನ್ನು ಕಟ್ಟಿದ ಜಾನ್ ಕೆಲ್ಲಿ ೧೮೮೬ರ ಜೂನ್‌ನಲ್ಲಿ ತೀರಿಕೊಂಡನು. ರಿಚರ್ಡ್ ಕ್ರೋಕರನು ಅವನ ಸ್ಥಾನಕ್ಕೆ ಬಂದನು. ಹೊಸ ನಾಯಕನಿಗೆ ಆ ವರ್ಷದ ಮೇಯರ್ ಚುನಾವಣೆಯೇ ಮೊದಲ ಪರೀಕ್ಷೆ.

೩

ಟ್ಯಾಮನಿಯ ಬಲಕ್ಕೆ ಮತದಾನದ ವಿಧಾನವೂ ಒಂದು ಆಧಾರವಾಗಿತ್ತು. ಇಂದಿನ ವಿದ್ಯಾರ್ಥಿಗೆ ಆ ವಿಧಾನ ವಿಚಿತ್ರವೆನಿಸೀತು. ೧೮೮೬ರಲ್ಲಿ ನ್ಯೂಯಾರ್ಕಿನಲ್ಲಿ ಸರ್ಕಾರವು ಮತಪತ್ರವನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಪ್ರತಿಯೊಂದು ಪಕ್ಷವೂ ತನ್ನ ಅಭ್ಯರ್ಥಿಗಳ ಹೆಸರುಳ್ಳ ಚೀಟಿಗಳನ್ನು ತಾನೇ ಅಚ್ಚು ಹಾಕಿಸಿ, ಕಟ್ಟುಕಟ್ಟಾಗಿ ಮಡಿಸಿ, ಮತದಾನದ ಸ್ಥಳದ ಹೊರಗೆ ತನ್ನ ಕಾರ್ಯಕರ್ತರಿಂದ ಹಂಚಿಸುತ್ತಿತ್ತು. ಮತದಾರನು ಒಬ್ಬನ ಕೈಯಿಂದ ಚೀಟಿಗಳನ್ನು ಪಡೆದು, ಒಳಗೆ ಹೋಗಿ ಪೆಟ್ಟಿಗೆಗಳಲ್ಲಿ ಹಾಕುತ್ತಿದ್ದನು. ಯಾರ ಕೈಯಿಂದ ಚೀಟಿ ಪಡೆದನೆಂಬುದು ಬೀದಿಯಲ್ಲಿ ನಿಂತವರಿಗೆಲ್ಲ ಕಾಣುತ್ತಿತ್ತು. ಕೆಲಸ ಕೊಟ್ಟ ಒಡೆಯನಾಗಲಿ, ಕೆಲಸ ಕೊಡಿಸಿದ ಕೇರಿನಾಯಕನಾಗಲಿ ಅಲ್ಲಿ ನಿಂತು ನೋಡುತ್ತಿದ್ದರೆ ಆಯ್ಕೆಯ ಸ್ವಾತಂತ್ರ್ಯ ಎಷ್ಟು ಉಳಿಯುತ್ತಿತ್ತೆಂಬುದನ್ನು ಊಹಿಸಬಹುದು. ಮತವನ್ನು ಹಣಕೊಟ್ಟು ಕೊಂಡವನಿಗೂ ಇದರಿಂದ ಅನುಕೂಲ. ಕೊಂಡ ಸರಕು ಪೆಟ್ಟಿಗೆಗೆ ಬಿದ್ದಿತೆಂಬುದನ್ನು ಅವನು ಕಣ್ಣಾರೆ ನೋಡಬಹುದಾಗಿತ್ತು.

ಈ ಪದ್ಧತಿಯ ಎರಡನೆಯ ಪರಿಣಾಮ ಇನ್ನೂ ಗಾಢವಾದುದು. ನಗರದ ನೂರಾರು ಮತದಾನದ ಸ್ಥಳಗಳಲ್ಲಿ ಪ್ರತಿಯೊಂದಕ್ಕೂ ಚೀಟಿಗಳನ್ನು ಒದಗಿಸಿ, ದಿನವಿಡೀ ಅವನ್ನು ಹಂಚಲು ಆಳುಗಳನ್ನು ನಿಲ್ಲಿಸಲು ಅಪಾರ ಹಣ ಬೇಕಾಗಿತ್ತು. ಪಕ್ಷಗಳು ಈ ಹಣವನ್ನು ಅಭ್ಯರ್ಥಿಗಳಿಂದಲೇ ವಂತಿಗೆಯಾಗಿ ವಸೂಲು ಮಾಡುತ್ತಿದ್ದವು. ನ್ಯಾಯಾಧೀಶನ ಪದವಿಗೆ ನಿಂತವನೂ ತನ್ನ ಪಾಲಿನ ಸಾವಿರಾರು ಡಾಲರುಗಳನ್ನು ಮೊದಲೇ ಕೊಡಬೇಕಾಗಿತ್ತು. ಚೀಟಿ ಅಚ್ಚು ಹಾಕಿಸುವ ಖರ್ಚು ನ್ಯಾಯಬದ್ಧವಾದುದರಿಂದ ಅದರ ಹೆಸರಿನಲ್ಲಿ ಬೇರೆ ಖರ್ಚುಗಳೂ ನಡೆದುಹೋಗುತ್ತಿದ್ದವು. ಯಂತ್ರವಿಲ್ಲದ ಹೊಸ ಪಕ್ಷಕ್ಕೆ ಸ್ಪರ್ಧೆಯ ಬಾಗಿಲೇ ಮುಚ್ಚಿದಂತಿತ್ತು.

ಮೂರನೆಯದು ಎಣಿಕೆ. ಚುನಾವಣೆಯ ತನಿಖಾಧಿಕಾರಿಗಳನ್ನು ಎರಡು ದೊಡ್ಡ ಪಕ್ಷಗಳಿಂದ ಆರಿಸಲಾಗುತ್ತಿತ್ತು. ಒಂದು ಪಕ್ಷವು ಮತ್ತೊಂದನ್ನು ಕಾಯುವುದೆಂಬುದು ಇದರ ತತ್ತ್ವ. ಇಬ್ಬರೂ ಕೂಡಿ ಮೂರನೆಯವನ ವಿರುದ್ಧ ಒಂದಾದರೆ ಕಾಯುವವರಾರು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ತನ್ನ ಕಾಲದಲ್ಲಿ ಫಲಿತಾಂಶವನ್ನು ನಿರ್ಣಯಿಸುತ್ತಿದ್ದುದು ಮತಪತ್ರಗಳಲ್ಲ, ಎಣಿಸುವವರು ಎಂದು ೧೮೭೭ರಲ್ಲಿ ಟ್ವೀಡ್‌ನೇ ವಿಚಾರಣಾ ಸಮಿತಿಯ ಮುಂದೆ ಒಪ್ಪಿಕೊಂಡಿದ್ದನು. ಈ ಹೇಳಿಕೆ ಹೊರಬಿದ್ದು ೧೮೮೬ಕ್ಕೆ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ.

೪

ಇಂಥ ಕಣಕ್ಕೆ ಇಳಿದ ಹೆನ್ರಿ ಜಾರ್ಜನು ವೃತ್ತಿಯ ರಾಜಕಾರಣಿಯಲ್ಲ. ೧೮೩೯ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿದ ಅವನು ಹದಿಮೂರು ಹದಿನಾಲ್ಕರ ವಯಸ್ಸಿಗೆ ಶಾಲೆ ಬಿಟ್ಟನು. ೧೮೫೫ರಲ್ಲಿ, ಹದಿನಾರು ತುಂಬುವ ಮೊದಲೇ, 'ಹಿಂದೂ' ಎಂಬ ಹಡಗಿನಲ್ಲಿ ಕೆಲಸದ ಹುಡುಗನಾಗಿ ಮೆಲ್ಬೋರ್ನಿಗೂ ಅಲ್ಲಿಂದ ಕಲ್ಕತ್ತೆಗೂ ಪ್ರಯಾಣ ಮಾಡಿದನು. ತರುವಾಯ ಕ್ಯಾಲಿಫೋರ್ನಿಯದಲ್ಲಿ ಅಚ್ಚುಮೊಳೆ ಜೋಡಿಸುವವನಾಗಿ, ಪತ್ರಿಕೋದ್ಯಮಿಯಾಗಿ ಜೀವಿಸಿ, ಕಡುಬಡತನವನ್ನು ಕಂಡನು. ರೈಲು ಬಂದೊಡನೆ ನೆಲದ ಬೆಲೆ ಏರುವುದನ್ನೂ, ಸಂಪತ್ತು ಬೆಳೆದ ಕಡೆಯಲ್ಲಿಯೇ ದಾರಿದ್ರ್ಯವೂ ಬೆಳೆಯುವುದನ್ನೂ ಕಂಡು ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡಿತು. ಅದಕ್ಕೆ ಉತ್ತರವಾಗಿ ೧೮೭೯ರಲ್ಲಿ 'ಪ್ರಗತಿ ಮತ್ತು ದಾರಿದ್ರ್ಯ' ಎಂಬ ಅವನ ಗ್ರಂಥ ಸಿದ್ಧವಾಯಿತು.

ಅದರ ಸಾರವನ್ನು ಸಂಕ್ಷೇಪವಾಗಿ ಹೇಳಬಹುದು. ನೆಲದ ಬೆಲೆ ಅದರ ಒಡೆಯನ ದುಡಿಮೆಯಿಂದ ಹುಟ್ಟುವುದಿಲ್ಲ. ಸುತ್ತಣ ಸಮಾಜದ ಬೆಳವಣಿಗೆಯಿಂದ ಹುಟ್ಟುತ್ತದೆ. ಆದಕಾರಣ ನೆಲದ ಗುತ್ತಿಗೆಯ ಮೌಲ್ಯವನ್ನು ತೆರಿಗೆಯಾಗಿ ಸಮಾಜವೇ ಪಡೆಯಬೇಕು. ದುಡಿಮೆಯ ಮೇಲಿನ ಮತ್ತು ಬಂಡವಾಳದ ಮೇಲಿನ ತೆರಿಗೆಗಳನ್ನು ತೆಗೆದುಹಾಕಬೇಕು. ಈ ಗ್ರಂಥಕ್ಕೂ ನಮ್ಮ ದೇಶಕ್ಕೂ ಒಂದು ಸಂಬಂಧವಿದೆ. ಮಾಲ್ತಸನ ಜನಸಂಖ್ಯಾ ಸಿದ್ಧಾಂತವನ್ನು ಖಂಡಿಸುವ ಭಾಗದಲ್ಲಿ ಜಾರ್ಜನು ಭಾರತದ ಕ್ಷಾಮಗಳನ್ನು ಉದಾಹರಿಸಿ, ಅವುಗಳಿಗೆ ಕಾರಣ ಜನರ ಸಂಖ್ಯೆಯಲ್ಲ, ಉತ್ಪನ್ನವನ್ನು ಹೀರುವ ಆಡಳಿತ ಎಂದು ವಾದಿಸುತ್ತಾನೆ. ಅವನು ಈ ಗ್ರಂಥವನ್ನು ಬರೆಯತೊಡಗಿದುದು ೧೮೭೭ರಲ್ಲಿ. ಅದೇ ಸಮಯದಲ್ಲಿ ಮೈಸೂರು ಸೀಮೆಯು ಧಾತು ಈಶ್ವರ ಸಂವತ್ಸರಗಳ ಭಯಂಕರ ಬರಕ್ಕೆ ಸಿಕ್ಕಿ ನರಳುತ್ತಿತ್ತು.

ಜಾರ್ಜನ ಮತ್ತೊಂದು ಬರಹವನ್ನು ನೆನೆಯುವವರು ಕಡಮೆ. ೧೮೭೧ರಷ್ಟು ಹಿಂದೆಯೇ ಅವನು ಕ್ಯಾಲಿಫೋರ್ನಿಯದ ಒಂದು ಮಾಸಪತ್ರಿಕೆಯಲ್ಲಿ ಚುನಾವಣೆಗಳಲ್ಲಿನ ಲಂಚವನ್ನು ಕುರಿತು ಲೇಖನ ಬರೆದು, ಅದಕ್ಕೆ ಪರಿಹಾರವಾಗಿ ಆಸ್ಟ್ರೇಲಿಯದ ಗುಪ್ತಮತದಾನ ಪದ್ಧತಿಯನ್ನು ಸೂಚಿಸಿದ್ದನು. ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಗಳಲ್ಲಿ ೧೮೫೬ರಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಸರ್ಕಾರವೇ ಮತಪತ್ರವನ್ನು ಒದಗಿಸುತ್ತಿತ್ತು. ಹದಿನೈದು ವರ್ಷಗಳ ಅನಂತರ ಜಾರ್ಜನೇ ಹಳೆಯ ಪದ್ಧತಿಯ ಚುನಾವಣೆಯೊಂದಕ್ಕೆ ಅಭ್ಯರ್ಥಿಯಾಗಿ ನಿಂತುದು ವಿಧಿಯ ವಿಡಂಬನೆಯೆನ್ನಬೇಕು.

೫

೧೮೮೬ನೆಯ ವರ್ಷ ಅಮೆರಿಕದ ಕಾರ್ಮಿಕ ಚಳವಳಿಯ ಇತಿಹಾಸದಲ್ಲಿ ಪ್ರಕ್ಷುಬ್ಧವಾದ ವರ್ಷ. ಎಂಟು ಗಂಟೆಗಳ ದುಡಿಮೆಗಾಗಿ ಮೇ ತಿಂಗಳಲ್ಲಿ ಮುಷ್ಕರಗಳು ನಡೆದವು. ಮೇ ೪ರಂದು ಷಿಕಾಗೋ ನಗರದ ಹೇಮಾರ್ಕೆಟ್ಟಿನಲ್ಲಿ ಬಾಂಬು ಸಿಡಿಯಿತು. ಬಾಂಬನ್ನು ಎಸೆದವನಾರೆಂಬುದು ಸಿದ್ಧವಾಗದಿದ್ದರೂ ಎಂಟು ಜನರು ಅಪರಾಧಿಗಳೆಂದು ಆಗಸ್ಟ್‌ನಲ್ಲಿ ತೀರ್ಪಾಯಿತು. ನ್ಯೂಯಾರ್ಕಿನ ಕಾರ್ಮಿಕರನ್ನು ಕೆರಳಿಸಿದ ಸ್ಥಳೀಯ ಪ್ರಸಂಗವೂ ಒಂದಿತ್ತು. ಹದಿನಾಲ್ಕನೆಯ ಬೀದಿಯಲ್ಲಿ ಟೈಸ್ ಎಂಬವನ ಸಂಗೀತಶಾಲೆಗೆ ಕಾರ್ಮಿಕ ಸಂಘಗಳು ಬಹಿಷ್ಕಾರ ಹಾಕಿದವು. ಸಂಧಾನವಾಗಿ, ಬಹಿಷ್ಕಾರದ ವೆಚ್ಚಕ್ಕೆಂದು ಮಾಲೀಕನು ೧,೦೦೦ ಡಾಲರು ಕೊಟ್ಟನು. ಆಮೇಲೆ ಅದನ್ನೇ ಬೆದರಿಸಿ ಹಣ ಕಿತ್ತ ಅಪರಾಧವೆಂದು ಪರಿಗಣಿಸಿ ಜುಲೈಯಲ್ಲಿ ಐವರು ಕಾರ್ಮಿಕರಿಗೆ ಸೆರೆಮನೆಯ ಶಿಕ್ಷೆ ವಿಧಿಸಲಾಯಿತು. ನ್ಯಾಯಾಲಯಗಳೂ ಪೊಲೀಸರೂ ತಮ್ಮ ವಿರೋಧಿಗಳ ಕೈಯಲ್ಲಿರುವವರೆಗೆ ಸಂಘಟನೆಯೊಂದರಿಂದಲೇ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಸಂಘಗಳು ಬಂದವು. ೧೮೮೨ರಲ್ಲಿ ಸ್ಥಾಪಿತವಾಗಿದ್ದ ಸೆಂಟ್ರಲ್ ಲೇಬರ್ ಯೂನಿಯನ್ ಎಂಬ ಒಕ್ಕೂಟವು ಸ್ವತಂತ್ರ ಅಭ್ಯರ್ಥಿಯನ್ನು ನಿಲ್ಲಿಸಲು ನಿರ್ಧರಿಸಿ ಜಾರ್ಜನನ್ನು ಕೇಳಿಕೊಂಡಿತು.

ಜಾರ್ಜನು ಒಂದು ನಿಬಂಧನೆಯನ್ನು ಹಾಕಿದನು. ಕನಿಷ್ಠ ೩೦,೦೦೦ ಮತದಾರರು ತನಗೆ ಮತ ಕೊಡುವುದಾಗಿ ಸಹಿ ಮಾಡಿ ಕೊಟ್ಟರೆ ಮಾತ್ರ ನಿಲ್ಲುವೆನೆಂದನು. ಸಹಿಗಳು ಅದಕ್ಕೂ ಹೆಚ್ಚಾಗಿ ಬಂದವು. ಅಷ್ಟರಲ್ಲಿ ಒಂದು ಸಂಗತಿ ನಡೆಯಿತೆಂದು ಜಾರ್ಜನೇ ಮುಂದೆ ೧೮೯೭ರಲ್ಲಿ ಹೇಳಿದನು. ನಗರದ ಖಜಾನೆಯ ಅಧಿಕಾರಿಯಾಗಿದ್ದ ವಿಲಿಯಂ ಐವಿನ್ಸ್ ತನ್ನನ್ನು ಕಂಡು, ಸ್ಪರ್ಧೆಯಿಂದ ಹಿಂದೆ ಸರಿದರೆ ಕಾಂಗ್ರೆಸ್ ಸಭೆಯ ಸದಸ್ಯತ್ವ ದೊರೆಯುವುದೆಂದೂ, ಮೇಯರ್ ಆಗುವುದಕ್ಕೆ ಮಾತ್ರ ಬಿಡುವುದಿಲ್ಲವೆಂದೂ ತಿಳಿಸಿದನಂತೆ. ಗೆಲ್ಲುವುದು ಅಸಾಧ್ಯವಾದರೆ ನನ್ನ ಸ್ಪರ್ಧೆಗೆ ಇಷ್ಟು ಬೆಲೆ ಏಕೆ ಎಂದು ಜಾರ್ಜನು ಕೇಳಿದಾಗ, ನೀನು ನಿಂತರೆ ದೊಡ್ಡ ಕೋಲಾಹಲವಾಗುವುದೆಂಬ ಉತ್ತರ ಬಂದಿತಂತೆ. ಕೋಲಾಹಲವೇ ತನಗೆ ಬೇಕಾದುದೆಂದು ಜಾರ್ಜನು ಒಪ್ಪಿಗೆ ಕೊಡಲು ನಿಶ್ಚಯಿಸಿದನು. ಈ ಸಂಭಾಷಣೆಗೆ ಸಾಕ್ಷಿ ಜಾರ್ಜನ ಮಾತು ಮಾತ್ರ; ಅದೂ ಹನ್ನೊಂದು ವರ್ಷಗಳ ಅನಂತರ ಹೇಳಿದುದು. ಇತಿಹಾಸಕಾರನು ಇದನ್ನು ಎಚ್ಚರಿಕೆಯಿಂದ ಉಪಯೋಗಿಸಬೇಕು. ಆದರೆ ಐವಿನ್ಸನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಅಕ್ಟೋಬರ್ ೫ರಂದು ಕೂಪರ್ ಯೂನಿಯನ್ನಿನ ಸಭಾಂಗಣದಲ್ಲಿ ಜಾರ್ಜನು ಅಭ್ಯರ್ಥಿತ್ವವನ್ನು ಸ್ವೀಕರಿಸಿದನು. ಕಾರ್ಮಿಕ ಪಕ್ಷದ ಕಾರ್ಯಕ್ರಮದಲ್ಲಿ ಭೂಮೌಲ್ಯದ ತೆರಿಗೆಯಲ್ಲದೆ ಬೇರೆ ಬೇಡಿಕೆಗಳೂ ಇದ್ದವು: ನಗರದ ಸಾರಿಗೆ ಸಾರ್ವಜನಿಕ ಸ್ವತ್ತಾಗಬೇಕು, ಜ್ಯೂರಿಗಳಿಗೆ ಆಸ್ತಿಯ ಅರ್ಹತೆ ಇರಬಾರದು, ಶಾಂತಿಯುತ ಸಭೆಗಳಲ್ಲಿ ಪೊಲೀಸರು ಕೈಹಾಕಬಾರದು, ಸರ್ಕಾರಿ ಕೆಲಸದಲ್ಲಿ ಸ್ತ್ರೀಪುರುಷರಿಗೆ ಸಮಾನ ಕೆಲಸಕ್ಕೆ ಸಮಾನ ವೇತನವಿರಬೇಕು. ಕೊನೆಯ ಬೇಡಿಕೆಯನ್ನು ಮುಂದಿಟ್ಟಾಗ ಸ್ತ್ರೀಯರಿಗೆ ಅಲ್ಲಿ ಮತದ ಹಕ್ಕೇ ಇರಲಿಲ್ಲ. ನ್ಯೂಯಾರ್ಕ್ ಸಂಸ್ಥಾನದಲ್ಲಿ ಅದು ಬಂದುದು ೧೯೧೭ರಲ್ಲಿ.

೬

ಟ್ಯಾಮನಿಯು ಈ ಅಪಾಯವನ್ನು ಬೇಗನೆ ಅರಿತುಕೊಂಡಿತು. ಐರಿಷ್ ಕಾರ್ಮಿಕರು ಅದರ ಬೇರು. ಆ ಬೇರಿಗೇ ಈಗ ಏಟು ಬಿದ್ದಿತ್ತು. ಐರ್ಲೆಂಡಿನ ಭೂಚಳವಳಿಯನ್ನು ೧೮೮೧-೮೨ರಲ್ಲಿ ಕಣ್ಣಾರೆ ಕಂಡು ಪತ್ರಿಕೆಗೆ ಬರೆದಿದ್ದ ಜಾರ್ಜನ ಹೆಸರು ಐರಿಷ್ ಮನೆಗಳಲ್ಲಿ ಪರಿಚಿತವಾಗಿತ್ತು. ಕ್ರೋಕರನು ತನ್ನ ಗುಂಪಿನವರಲ್ಲೊಬ್ಬನನ್ನು ನಿಲ್ಲಿಸದೆ, ಪ್ರತಿಸ್ಪರ್ಧಿಯಾಗಿದ್ದ ಮತ್ತೊಂದು ಡೆಮೊಕ್ರಾಟಿಕ್ ಬಣವೂ ಒಪ್ಪಬಹುದಾದ ಗೌರವಸ್ಥನಾದ ಹ್ಯೂವಿಟ್‌ನನ್ನು ಆರಿಸಿದನು. ೧೮೨೨ರಲ್ಲಿ ಹುಟ್ಟಿದ ಹ್ಯೂವಿಟ್ ಕಬ್ಬಿಣದ ಕಾರ್ಖಾನೆಗಳ ಒಡೆಯ, ಕಾಂಗ್ರೆಸ್ ಸಭೆಯ ಸದಸ್ಯ, ಪ್ರಾಮಾಣಿಕನೆಂದು ಹೆಸರಾದವನು. ಜಾರ್ಜನಿಗೆ ವೇದಿಕೆಯಾದ ಕೂಪರ್ ಯೂನಿಯನ್ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದ ಪೀಟರ್ ಕೂಪರನು ಹ್ಯೂವಿಟ್‌ನಿಗೆ ಮಾವ. ದುಡಿಯುವವರ ಮಕ್ಕಳಿಗೆ ಅಲ್ಲಿ ಉಚಿತವಾಗಿ ವಿದ್ಯಾದಾನ ನಡೆಯುತ್ತಿತ್ತು. ಹ್ಯೂವಿಟ್‌ನನ್ನು ಕಾರ್ಮಿಕರ ಶತ್ರುವೆಂದು ಚಿತ್ರಿಸುವುದು ಅನ್ಯಾಯ. ಆದರೆ ಒಂದು ವರ್ಗವನ್ನು ಇತರ ವರ್ಗಗಳ ಮೇಲೆ ಎತ್ತಿಕಟ್ಟುವುದು ಸಮಾಜಕ್ಕೆ ವಿನಾಶಕರವೆಂದು ಅವನು ದೃಢವಾಗಿ ನಂಬಿದ್ದನು. ಇಬ್ಬರ ನಡುವೆ ಬಹಿರಂಗ ಪತ್ರಗಳು ಪ್ರಕಟವಾದವು. ಎದುರುಬದುರಾಗಿ ವಾದ ಮಾಡೋಣವೆಂಬ ಜಾರ್ಜನ ಆಹ್ವಾನವನ್ನು ಮಾತ್ರ ಹ್ಯೂವಿಟ್ ಒಪ್ಪಲಿಲ್ಲ.

ರಿಪಬ್ಲಿಕನ್ನರು ಆರಿಸಿದ ರೂಸ್‌ವೆಲ್ಟ್‌ನಿಗೆ ಅಕ್ಟೋಬರ್ ೨೭ಕ್ಕೆ ೨೮ ವರ್ಷ ತುಂಬಿತು. ಗೆಲುವಿನ ಆಸೆ ಅವನಿಗೂ ಹೆಚ್ಚಾಗಿರಲಿಲ್ಲ. ಅವನ ಪಕ್ಷದ ಧನಿಕರು, ಮತ ಒಡೆದರೆ ಜಾರ್ಜನು ಗೆದ್ದಾನೆಂಬ ಭಯದಿಂದ, ಹ್ಯೂವಿಟ್‌ನ ಕಡೆಗೆ ಸರಿದರು.

ಜಾರ್ಜನಿಗೆ ದಿನಪತ್ರಿಕೆಗಳ ಬೆಂಬಲ ಬಹುಮಟ್ಟಿಗೆ ಇರಲಿಲ್ಲ. ಕಾರ್ಮಿಕರು ತಾವೇ 'ಲೀಡರ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಸಭಾಂಗಣಗಳು ಸಾಲದಾಗ ಬೀದಿಯಲ್ಲಿ ಗಾಡಿಯ ಹಿಂಬದಿಯ ಹಲಗೆಯ ಮೇಲೆ ನಿಂತು, ಒಂದು ರಾತ್ರಿಗೆ ಹಲವು ಕಡೆ ಅವನು ಭಾಷಣ ಮಾಡುತ್ತಿದ್ದನು. ಸಿಗಾರ್ ಕಾರ್ಮಿಕರ ನಾಯಕ ಸ್ಯಾಮ್ಯುಯಲ್ ಗಾಂಪರ್ಸ್ ಅವನಿಗಾಗಿ ದುಡಿದನು. ಸಂತ ಸ್ಟೀಫನರ ಚರ್ಚಿನ ಪಾದ್ರಿ ಎಡ್ವರ್ಡ್ ಮೆಗ್ಲಿನ್, ಆರ್ಚ್‌ಬಿಷಪ್ ಕಾರಿಗನ್ ನಿಷೇಧಿಸಿದ್ದರೂ ಜಾರ್ಜನ ಪರವಾಗಿ ಮಾತನಾಡಿ, ತನ್ನ ಕಾರ್ಯಗಳಿಂದ ತಾತ್ಕಾಲಿಕವಾಗಿ ವಜಾ ಆದನು. ಕ್ಯಾಥೊಲಿಕ್ ಪಾದ್ರಿಗಳಲ್ಲಿ ಬಹುಪಾಲು ಜನ ಜಾರ್ಜನ ವಿಚಾರಗಳನ್ನು ಅಪಾಯಕರವೆಂದು ತಿಳಿಯುತ್ತಾರೆಂದು ಆರ್ಚ್‌ಬಿಷಪ್ಪನ ಪ್ರತಿನಿಧಿ ಪ್ರೆಸ್ಟನ್ ಬರೆದ ಪತ್ರವನ್ನು ಟ್ಯಾಮನಿಯು ಅಚ್ಚು ಹಾಕಿಸಿ, ಚುನಾವಣೆಗೆ ಮುಂಚಿನ ಭಾನುವಾರ ಚರ್ಚುಗಳ ಬಾಗಿಲಲ್ಲಿ ಹಂಚಿತು.

ಅಕ್ಟೋಬರ್ ೨೮ರಂದು ನಗರದ ಬಂದರಿನಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆಯ ಸಮರ್ಪಣೋತ್ಸವ ನಡೆಯಿತು. ಎರಡು ದಿನಗಳ ಬಳಿಕ, ೩೦ರ ಶನಿವಾರ ರಾತ್ರಿ, ಸುರಿಯುವ ಮಳೆಯಲ್ಲಿ ಸಾವಿರಾರು ಕಾರ್ಮಿಕರು ತಮ್ಮ ತಮ್ಮ ಸಂಘಗಳ ಬಾವುಟಗಳೊಡನೆ ಮೆರವಣಿಗೆ ನಡೆಸಿದರು. ಮೊದಲನೆಯ ಉತ್ಸವವನ್ನು ಅಮೆರಿಕದ ಪಠ್ಯಪುಸ್ತಕಗಳೆಲ್ಲ ವರ್ಣಿಸುತ್ತವೆ. ಎರಡನೆಯದು ಅವುಗಳಲ್ಲಿ ಕಾಣುವುದು ಅಪರೂಪ.

೭

ಅಧಿಕೃತ ಫಲಿತಾಂಶ ಹೀಗಿತ್ತು: ಹ್ಯೂವಿಟ್ ೯೦,೫೫೨, ಜಾರ್ಜ್ ೬೮,೧೧೦, ರೂಸ್‌ವೆಲ್ಟ್ ೬೦,೪೩೫. ಪಾನನಿರೋಧ ಪಕ್ಷದ ಅಭ್ಯರ್ಥಿಗೆ ಬಂದುದು ೫೮೨ ಮಾತ್ರ. ಅಂದರೆ ಹ್ಯೂವಿಟ್‌ನಿಗೆ ನೂರಕ್ಕೆ ೪೧, ಜಾರ್ಜನಿಗೆ ೩೧, ರೂಸ್‌ವೆಲ್ಟ್‌ನಿಗೆ ೨೭ಕ್ಕೆ ಸ್ವಲ್ಪ ಮೇಲೆ. ಒಂದು ತಿಂಗಳ ಹಿಂದೆ ಅಸ್ತಿತ್ವದಲ್ಲಿಯೇ ಇಲ್ಲದಿದ್ದ ಪಕ್ಷವೊಂದು ದೇಶದ ಅತಿ ದೊಡ್ಡ ನಗರದಲ್ಲಿ ಆಳುವ ಪಕ್ಷಗಳಲ್ಲೊಂದನ್ನು ಮೂರನೆಯ ಸ್ಥಾನಕ್ಕೆ ತಳ್ಳಿದುದು ಸಾಮಾನ್ಯ ಸಂಗತಿಯಲ್ಲ. ಆ ರಾತ್ರಿ ಜಾರ್ಜನು ಈ ಸೋಲನ್ನು ೧೭೭೫ರ ಬಂಕರ್ ಹಿಲ್ ಯುದ್ಧಕ್ಕೆ ಹೋಲಿಸಿದನು. ಅಲ್ಲಿಯೂ ಅಮೆರಿಕನ್ನರು ಸೋತು ಹಿಂದೆ ಸರಿದಿದ್ದರು, ಆದರೆ ಯುದ್ಧವನ್ನು ಕೊನೆಯಲ್ಲಿ ಅವರೇ ಗೆದ್ದರು.

ಇನ್ನು ಮೋಸದ ಆಪಾದನೆ. ಹ್ಯೂವಿಟ್ ಮತ್ತು ಜಾರ್ಜರ ನಡುವಣ ಅಂತರ ೨೨,೪೪೨. ಎಣಿಕೆಯಲ್ಲಿ ಜಾರ್ಜನ ಮತಗಳನ್ನು ಹ್ಯೂವಿಟ್‌ನ ಲೆಕ್ಕಕ್ಕೆ ಬರೆದಿದ್ದರೂ ಅಂಥ ಹನ್ನೊಂದು ಸಾವಿರಕ್ಕೂ ಹೆಚ್ಚು ಮತಗಳು ಬೇಕಾಗುತ್ತವೆ. ಜಾರ್ಜನ ಮತಗಳನ್ನು ಬರಿದೆ ಮರೆಮಾಡಿದ್ದರೆ ಅದರ ಎರಡರಷ್ಟು ಬೇಕಾಗುತ್ತವೆ. ಇಷ್ಟು ದೊಡ್ಡ ಮೋಸ ನಡೆಯಿತೆಂದು ಯಾವ ನ್ಯಾಯಾಲಯವೂ ತೀರ್ಪು ಕೊಡಲಿಲ್ಲ. ಜಾರ್ಜನನ್ನು ಗೆಲ್ಲಗೊಡಲು ತಮಗೆ ಸಾಧ್ಯವಿರಲಿಲ್ಲವೆಂದು ಕ್ರೋಕರನು ಮುಂದೆ ಒಪ್ಪಿಕೊಂಡನೆಂಬ ಮಾತು ಇನ್ನೊಬ್ಬರ ಬಾಯಿಂದ ಬಂದ ಕೇಳಿಕೆ. ಮತ್ತೊಂದು ಕಡೆಯಲ್ಲಿ, ಹ್ಯೂವಿಟ್‌ನ ಗೆಲುವಿಗೆ ಬೇರೆ ಕಾರಣಗಳೂ ಸಾಕಷ್ಟಿದ್ದವು: ರಿಪಬ್ಲಿಕನ್ ಧನಿಕರ ಭಯ, ಚರ್ಚಿನ ವಿರೋಧ, ಡೆಮೊಕ್ರಾಟಿಕ್ ಬಣಗಳ ಐಕಮತ್ಯ, ಹ್ಯೂವಿಟ್‌ನ ಸ್ವಂತ ಕೀರ್ತಿ. ಆದುದರಿಂದ ಮೋಸವೇ ನಡೆಯಲಿಲ್ಲವೆಂದು ಆ ಕಾಲದ ನ್ಯೂಯಾರ್ಕನ್ನು ಬಲ್ಲವರು ಹೇಳಲಾರರು. ಮೋಸದಿಂದಲೇ ಫಲಿತಾಂಶ ತಿರುಗಿತೆಂದು ಹೇಳುವುದಕ್ಕೆ ಇತಿಹಾಸಕಾರನಿಗೆ ಆಧಾರವಿಲ್ಲ.

ಇಲ್ಲಿಗೇ ವಿಚಾರವನ್ನು ನಿಲ್ಲಿಸಿದರೆ ಚುನಾವಣೆಯ ಪಾಠವನ್ನು ಕಳೆದುಕೊಂಡಂತಾಗುತ್ತದೆ. ನಿರ್ಣಯ ಅಸಾಧ್ಯವಾದುದಕ್ಕೆ ಕಾರಣ ದಾಖಲೆಗಳು ಆಕಸ್ಮಿಕವಾಗಿ ನಷ್ಟವಾದುದಲ್ಲ. ಚೀಟಿಯು ಪಕ್ಷದ ಸ್ವತ್ತು, ಹಂಚುವವನು ಪಕ್ಷದ ಆಳು, ಎಣಿಸುವವನು ಪಕ್ಷದ ನಾಮಕರಣ ಪಡೆದವನು. ಇವುಗಳಲ್ಲಿ ಯಾವುದೂ ಇಡೀ ಪೌರಸಮುದಾಯದ ಪರವಾಗಿ ಸಾಕ್ಷಿ ಹೇಳುವಂಥದಲ್ಲ. ಗೆದ್ದವನು ಪ್ರಾಮಾಣಿಕನಾಗಿದ್ದರೂ ತನ್ನ ಗೆಲುವು ಪ್ರಾಮಾಣಿಕವೆಂದು ತೋರಿಸುವ ಸಾಧನ ಅವನಲ್ಲಿರಲಿಲ್ಲ. ಇದು ಜಾರ್ಜನಿಗೆ ಎಷ್ಟು ಅನ್ಯಾಯವೋ ಹ್ಯೂವಿಟ್‌ನಿಗೂ ಅಷ್ಟೇ ಅನ್ಯಾಯ.

೮

ಕಾರ್ಮಿಕ ಪಕ್ಷ ಬಹುಕಾಲ ಬಾಳಲಿಲ್ಲ. ೧೮೮೭ರ ಆಗಸ್ಟ್‌ನಲ್ಲಿ ಸಮಾಜವಾದಿಗಳನ್ನು ಅದರಿಂದ ಹೊರಹಾಕಲಾಯಿತು. ಆ ವರ್ಷ ಜಾರ್ಜನು ನ್ಯೂಯಾರ್ಕ್ ಸಂಸ್ಥಾನದ ಕಾರ್ಯದರ್ಶಿಯ ಪದವಿಗೆ ನಿಂತಾಗ ಇಡೀ ಸಂಸ್ಥಾನದಲ್ಲಿ ದೊರೆತ ಮತಗಳು ಸುಮಾರು ೭೦,೦೦೦. ಒಂದು ವರ್ಷದ ಹಿಂದೆ ನಗರವೊಂದರಲ್ಲಿಯೇ ಹೆಚ್ಚು ಕಡಮೆ ಅಷ್ಟು ಬಂದಿದ್ದವು. ಗಾಂಪರ್ಸ್ ರಾಜಕೀಯ ಪಕ್ಷದ ದಾರಿಯನ್ನು ಬಿಟ್ಟು, ೧೮೮೬ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಅಮೆರಿಕನ್ ಕಾರ್ಮಿಕ ಸಂಘಗಳ ಮಹಾಮಂಡಲದ ಕಾರ್ಯದಲ್ಲಿ ತೊಡಗಿದನು. ಟ್ಯಾಮನಿಯ ಮಾತಿನಂತೆ ನಡೆಯದ ಹ್ಯೂವಿಟ್ ೧೮೮೮ರ ಚುನಾವಣೆಯಲ್ಲಿ ಟ್ಯಾಮನಿಯ ಅಭ್ಯರ್ಥಿಯಿಂದಲೇ ಸೋತನು. ಮೆಗ್ಲಿನ್ ೧೮೮೭ರಲ್ಲಿ ಚರ್ಚಿನಿಂದ ಬಹಿಷ್ಕೃತನಾಗಿ ೧೮೯೨ರಲ್ಲಿ ಮತ್ತೆ ಸ್ವೀಕೃತನಾದನು.

ಉಳಿದುಕೊಂಡದ್ದು ಮತಪತ್ರದ ಪ್ರಶ್ನೆ. ೧೮೮೭ರಲ್ಲಿ ನ್ಯೂಯಾರ್ಕಿನ ಚುನಾವಣೆಗಳಲ್ಲಿ ಪಕ್ಷಯಂತ್ರ ಮತ್ತು ಹಣಗಳ ಪಾತ್ರವನ್ನು ಅಂಕಿಗಳೊಡನೆ ಬಯಲಿಗೆಳೆದ ಒಂದು ಚಿಕ್ಕ ಗ್ರಂಥ ಹೊರಬಂದಿತು. ಚೀಟಿ ಅಚ್ಚು ಹಾಕಿಸಿ ಹಂಚುವ ಕೆಲಸವನ್ನು ಪಕ್ಷಗಳಿಂದ ಕಿತ್ತು ಸರ್ಕಾರಕ್ಕೆ ಒಪ್ಪಿಸಿದರೆ ವಂತಿಗೆಯ ನೆಪವೇ ಇಲ್ಲದಂತಾಗಿ ಯಂತ್ರದ ಉಸಿರು ಅಡಗುವುದೆಂದು ಅದು ವಾದಿಸಿತು. ಅದನ್ನು ಬರೆದವನು ಬೇರೆ ಯಾರೂ ಅಲ್ಲ, ಜಾರ್ಜನನ್ನು ಕಣದಿಂದ ಹಿಂದೆ ಸರಿಸಲು ಬಂದಿದ್ದನೆಂದು ಹೇಳಲಾದ ವಿಲಿಯಂ ಐವಿನ್ಸನೇ. ಜಾರ್ಜನ ಅನುಯಾಯಿಗಳೂ, ಕಾರ್ಮಿಕ ಸಂಘಗಳೂ, ಕಾರ್ಮಿಕರೆಂದರೆ ಹೆದರುತ್ತಿದ್ದ ಸುಧಾರಕ ಧನಿಕರೂ ಈ ಒಂದು ವಿಷಯದಲ್ಲಿ ಒಟ್ಟುಗೂಡಿದರು. ೧೮೮೮ರಲ್ಲಿ ಕೆಂಟಕಿಯ ಲೂಯಿವಿಲ್ ನಗರವೂ ಮ್ಯಾಸಚೂಸೆಟ್ಸ್ ಸಂಸ್ಥಾನವೂ ಆಸ್ಟ್ರೇಲಿಯದ ಪದ್ಧತಿಯನ್ನು ಅಂಗೀಕರಿಸಿದವು. ನ್ಯೂಯಾರ್ಕಿನಲ್ಲಿ ಶಾಸನಸಭೆ ಒಪ್ಪಿದ ಮಸೂದೆಯನ್ನು ಗವರ್ನರ್ ಹಿಲ್ ೧೮೮೮ ಮತ್ತು ೧೮೮೯ರಲ್ಲಿ ತಿರಸ್ಕರಿಸಿದನು. ೧೮೯೦ರಲ್ಲಿ ರಾಜಿಯ ರೂಪದ ಕಾನೂನು ಬಂದಿತು. ಎಲ್ಲ ಪಕ್ಷಗಳ ಹೆಸರುಗಳೂ ಒಂದೇ ಹಾಳೆಯಲ್ಲಿರುವ ಮತಪತ್ರ ೧೮೯೫ರಲ್ಲಿ ಬಂದಿತು.

ಈ ಸುಧಾರಣೆಯನ್ನು ನಿಷ್ಕಳಂಕವೆಂದು ಹೊಗಳುವುದೂ ಸರಿಯಲ್ಲ. ಓದಲು ಬಾರದವನಿಗೆ ಅಚ್ಚಾದ ಹಾಳೆ ಹೊಸ ತಡೆಯಾಯಿತು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಕೆಲವು ಇದೇ ಕಾರಣಕ್ಕಾಗಿ ಇದನ್ನು ಉತ್ಸಾಹದಿಂದ ಅಂಗೀಕರಿಸಿ, ಬಡ ನೀಗ್ರೋ ಮತದಾರರನ್ನು ಹೊರಗಿಡುವ ಉಪಾಯವನ್ನಾಗಿ ಮಾಡಿಕೊಂಡವು. ಯಾರ ಹೆಸರನ್ನು ಅಚ್ಚು ಹಾಕಬೇಕೆಂಬ ಅಧಿಕಾರ ಸರ್ಕಾರಕ್ಕೆ ಬಂದುದರಿಂದ, ಜಾರ್ಜನ ಪಕ್ಷದಂಥ ಹೊಸ ಪಕ್ಷಗಳು ಕಾನೂನಿನ ನಿಬಂಧನೆಗಳನ್ನು ದಾಟಬೇಕಾಯಿತು. ೧೯೫೧-೫೨ರಲ್ಲಿ ನಮ್ಮ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಓದುಬರಹ ಬಾರದ ಕೋಟ್ಯಂತರ ಮತದಾರರಿಗಾಗಿ ಅಭ್ಯರ್ಥಿಗಳ ಪೆಟ್ಟಿಗೆಗಳನ್ನೇ ಬೇರೆಬೇರೆಯಾಗಿಟ್ಟು, ಅವುಗಳ ಮೇಲೆ ಚಿಹ್ನೆಗಳನ್ನು ಅಂಟಿಸಿದುದನ್ನು ನೆನೆದರೆ, ಮತಪತ್ರದ ರೂಪವು ಕೇವಲ ಕಚೇರಿಯ ವಿವರವಲ್ಲವೆಂಬುದು ಮನದಟ್ಟಾಗುತ್ತದೆ.

ಜಾರ್ಜನು ೧೮೯೭ರಲ್ಲಿ ಮತ್ತೊಮ್ಮೆ ನ್ಯೂಯಾರ್ಕಿನ ಮೇಯರ್ ಸ್ಥಾನಕ್ಕೆ ನಿಂತನು. ವೈದ್ಯರು ಬೇಡವೆಂದರೂ ಕೇಳದೆ ಪ್ರಚಾರ ಮಾಡಿ, ಚುನಾವಣೆಗೆ ನಾಲ್ಕು ದಿನ ಉಳಿದಿರುವಾಗ, ಅಕ್ಟೋಬರ್ ೨೯ರ ಮುಂಜಾನೆ ತೀರಿಕೊಂಡನು. ಅವನ ಅಂತಿಮ ದರ್ಶನಕ್ಕೆ ನಗರದ ದುಡಿಯುವ ಜನ ಅಪಾರ ಸಂಖ್ಯೆಯಲ್ಲಿ ಬಂದರು. ಅವನು ಪ್ರತಿಪಾದಿಸಿದ ಭೂಮೌಲ್ಯದ ತೆರಿಗೆಯನ್ನು ನ್ಯೂಯಾರ್ಕ್ ನಗರ ಅಂಗೀಕರಿಸಲಿಲ್ಲ. ೧೮೭೧ರಲ್ಲಿ ಹೆಚ್ಚು ಜನ ಗಮನಿಸದಿದ್ದ ಲೇಖನದಲ್ಲಿ ಅವನು ಕೇಳಿದ್ದ ಮತಪತ್ರವಾದರೋ, ೧೮೯೭ರ ಚುನಾವಣೆಯ ವೇಳೆಗೆ ಸರ್ಕಾರದ ಖರ್ಚಿನಲ್ಲಿಯೇ ಅಚ್ಚಾಗಿ, ನಗರದ ಪ್ರತಿಯೊಬ್ಬ ಮತದಾರನ ಕೈಗೂ ಬರುತ್ತಿತ್ತು.